ಪ್ಲಸ್ ಅರ್ಧ ಡಿಫೆಕ್ಟ್ ಓಡತೈತಿ, ಮೈನಸ್ ಅರ್ಧ ಯಾಕ ಓಡಂಗಿಲ್ಲ?

ಪ್ರಶ್ನೆ (ವಿಜಯಪುರ, ಎಂಎಸ್ಸಿ ಫಿಸಿಕ್ಸ್):
ನಮಸ್ಕಾರ್ರೀ. ಆ್ಯಕ್ಟಿವ್ ಮ್ಯಾಟರ್ (ಶಕ್ತಿ ತಿಂದು ತಾನಾಗೇ ಚಲಿಸೋ ಕಣಗಳ ಗುಂಪು) ಮ್ಯಾಲೆ ಸೆಮಿನಾರ್ ಐತಿ. 2012ರಾಗ ಡೋಗಿಚ್ ತಂಡದವ್ರು ಮೈಕ್ರೋಟ್ಯೂಬ್ಯೂಲ್ ಅನ್ನೋ ಜೀವಕೋಶದ ಸಣ್ಣ ಪ್ರೋಟೀನ್ ಕಡ್ಡಿಗಳ್ನ ಕೈನೆಸಿನ್ ಮೋಟರ್ (ಕಡ್ಡಿ ಜಾರಿಸೋ ಪ್ರೋಟೀನ್) ಜೋಡಿ ಎಣ್ಣಿ-ನೀರಿನ ನಡುವಿನ ಪದರದಾಗ ಬಿಟ್ಟು ನೋಡಿದ್ದು ಓದೀನಿ, ಎಟಿಪಿ (ಮೋಟರಿನ ಇಂಧನ) ಇರೋತನಕ ಪದರ ಹೊಯ್ದಾಡತೈತಿ, ಅದರಾಗ ಪ್ಲಸ್ ಅರ್ಧ, ಮೈನಸ್ ಅರ್ಧ ಡಿಫೆಕ್ಟ್ (ಕಡ್ಡಿಗಳ ಸಾಲು ಕೆಟ್ಟ ಜಾಗ) ಜೋಡಿಯಾಗಿ ಹುಟ್ಟತಾವು, ಪ್ಲಸ್ಸು ಓಡತೈತಿ, ಮೈನಸ್ಸು ತಾನಾಗೇ ಓಡಂಗಿಲ್ಲ. ಸಮೀಕರಣ ಬಿಡಿಸಿದ್ರ ಉತ್ತರ ಬರತೈತಿ, ಕಣ್ಣಿಗೆ ಕಟ್ಟವಲ್ದು. ಮತ್ತ ಅರ್ಧ ಅಂದ್ರ ಏನರ ಅರ್ಧ?

ಉತ್ತರ 1 (ಬಾಗಲಕೋಟೆ):
ತಮ್ಮಾ, ಮೊದ್ಲ ನಿನ್ನ ಹೆಬ್ಬಟ್ಟು ನೋಡ್ಕೋ. ರೇಷನ್ ಅಂಗಡ್ಯಾಗ ಒತ್ತತೀವಲ್ಲ, ಅದೇ ಗೆರಿ. ಗೆರಿ ಮಡಚ್ಕೊಂಡು ವಾಪಸ್ ಬರೋ ತುದಿ ಪ್ಲಸ್ ಅರ್ಧ, ಮೂರು ದಾರಿ ಕೂಡಿದಂಗ ಕಾಣೋ ಜಾಗ ಮೈನಸ್ ಅರ್ಧ. ಮಡಚಿದ ತುದಿ ಸುತ್ತ ಪೆನ್ನು ಗೆರಿಗುಂಟ ಇಟ್ಕೊಂಡು ಒಂದು ಸುತ್ತು ಬಾ, ಹೊಂಟ ಜಾಗಕ್ಕ ಬಂದಾಗ ಪೆನ್ನು 180 ಡಿಗ್ರಿ ತಿರುಗಿ ಉಲ್ಟಾ ಆಗಿರತೈತಿ. ಪೂರ್ತಿ ಸುತ್ತಿನ ಅರ್ಧ ಅಂದ್ರ ಇದೇ. ಮೈನಸ್ ಸುತ್ತ ಬಂದ್ರ ಇದೇ 180, ಆದ್ರ ವಿರುದ್ಧ ದಿಕ್ಕಿಗೆ.

ಓಡೋದು ಹೆಂಗ ಅಂದ್ರ, ಮೋಟರ್ ಕಡ್ಡಿಗಳ್ನ ಒಂದರಮ್ಯಾಲೊಂದು ಜಾರಿಸತೈತಿ, ಕಡ್ಡಿಗಳ ಕಟ್ಟು ಉದ್ದಾಗಿ ಎರಡೂ ತುದಿಗೆ ನೀರು ತಳ್ಳತೈತಿ. ಕಡ್ಡಿ ಸೀದಾ ಇದ್ದಲ್ಲಿ ಈ ತಳ್ಳಾಟ ಒಂದಕ್ಕೊಂದು ಕಳೆದು ಹೋಗತೈತಿ, ಬಾಗಿದಲ್ಲಿ ಉಳಿತೈತಿ. ಪ್ಲಸ್ಸಿಗೆ ಧೂಮಕೇತುವಿನಂಗ ತಲಿ-ಬಾಲ ಐತಿ, ಉಳಿದ ಬಲ ತಲಿ ಕಡಿ ದಬ್ಬತೈತಿ. ಮೈನಸ್ಸಿಗೆ 120 ಡಿಗ್ರಿಗೊಂದು ಕಾಲು, ಮೂರೂ ಕಡಿ ಎಳೆತ ಕೂಡಿದ್ರ ಸೊನ್ನಿ, ಅದನ್ನ ಸುತ್ತಲಿನ ಹರಿವು ಒಯ್ದ್ರಷ್ಟ ಹೋಗತೈತಿ. ಕಟ್ಟು ಉದ್ದಾಗೋ ಬದ್ಲಿ ಕುಗ್ಗೋ ನಮೂನಿ ಇದ್ರ ಪ್ಲಸ್ಸು ಬಾಲದ ಕಡಿ ಹೋಗತೈತಿ, ಇದನ್ನ ಸೆಮಿನಾರದಾಗ ಬಿಡಬ್ಯಾಡ.

ಉತ್ತರ 2 (ಬೆಳಗಾವಿ):
ಸರ್ ಹೇಳಿದ್ದಕ್ಕ ಒಂದು ಸೇರಸ್ತೀನ್ರಿ. ಅರ್ಧ ನಡಿಯೋದು ಕಡ್ಡಿಗೆ ಹಿಂದ-ಮುಂದ ಒಂದೇ ಆದ್ರ ಮಾತ್ರ. ಕುರಿ ಹಿಂಡು ನೆನಸ್ಕೋರಿ, ಒಂದು ಸುತ್ತು ಬರೂದ್ರಾಗ ದಿಕ್ಕು 180 ತಿರುಗಿದ್ರ ಒಂದು ಕುರಿ ಪಕ್ಕದ್ದರ ಎದುರಿಗೆ ಮುಖ ಮಾಡಿ ನಿಲ್ಲತೈತಿ, ಹೊಂದಂಗಿಲ್ಲ, ಅಲ್ಲಿ ಪೂರ್ತಿ ಸುತ್ತೇ ಬೇಕು. 1995ರ ವಿಚೆಕ್ ಮಾಡೆಲ್ (ಪಕ್ಕದವ್ರ ದಿಕ್ಕು ನೋಡಿ ಹೊಂಡೋ ಹಿಂಡಿನ ಲೆಕ್ಕ) ಈ ಜಾತಿದು. ನಮ್ಮ ಬೆಂಗಳೂರಿನ ಐಐಎಸ್ಸಿಯಾಗ ಶ್ರೀರಾಮ್ ರಾಮಸ್ವಾಮಿ, ಅಜಯ್ ಸೂದ್ ಅವರ ತಂಡ 2014ರಾಗ ಒಂದು ಕಡಿ ಸಣ್ಣಗಾದ ಹಿತ್ತಾಳಿ ಕಡ್ಡಿಗಳ್ನ ಅಲ್ಯೂಮಿನಿಯಂ ಗುಂಡಿನ ನಡುವ ಹಾಕಿ ಕೆಳಗಿನ ತಟ್ಟಿಯನ್ನ ನಡುಗಿಸಿ ನೋಡಿತ್ತು, ಕಡ್ಡಿ ಗುಂಪಾಗಿ ಒಂದೇ ದಿಕ್ಕಿಗೆ ಹೊಂಟವು. ಈ ಪೇಪರ್ ತಪ್ಪದ ಓದು.

ಪ್ರಶ್ನೆ ಕೇಳಿದವ್ರು:
ಭಾಳ ಉಪಕಾರ ಆತ್ರಿ ಸರ್, ಅಕ್ಕಾರ. ಸ್ಟ್ಯಾಂಪ್ ಪ್ಯಾಡ್ ಇಂಕ್ ಹಚ್ಚಿ ಹತ್ತೂ ಬೆರಳು ಹಾಳಿ ಮ್ಯಾಲೆ ಒತ್ತೀನಿ. ಎಡ ಹೆಬ್ಬಟ್ಟಿನಾಗ ಮಡಿಕಿ ಒಂದು, ಮೂರುದಾರಿ ಒಂದು. ಉಂಗುರ ಬೆರಳಿನಾಗ ಸುಳಿ ಐತಿ, ಅಲ್ಲಿ ಎರಡು ಮಡಿಕಿ, ಎರಡು ಮೂರುದಾರಿ.