ಮೆಜೆಸ್ಟಿಕ್‌ನಲ್ಲಿ ಕಂಬಳಿ ಹಂಚುವ ವಿಚಾರ

ಚಿಕ್ಕಪ್ಪ, ತಾತನ ಎಂಬತ್ತರ ಶಾಂತಿ ದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ರಸ್ತೆ ಬದಿ ಮಲಗುವವರಿಗೆ ನೂರು ಕಂಬಳಿ ಹಂಚೋಣ ಅಂದಿದ್ದೀರಿ. ದುಡ್ಡು ನಾನೂ ಹಾಕುತ್ತೇನೆ. ಆದರೆ ಕಂಬಳಿ ಬೇಡ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಅಲ್ಲಿ ಮಲಗುವವರೆಲ್ಲ ಭಿಕ್ಷುಕರಲ್ಲ. ಮಾರ್ಕೆಟ್‌ನಲ್ಲಿ ಮೂಟೆ ಹೊರುವವರು, ಛತ್ರಗಳಲ್ಲಿ ಬಡಿಸುವವರು, ಗಾರೆ ಕೆಲಸಕ್ಕೆ ಬಂದವರು ಇದ್ದಾರೆ. ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಆ ಕಂಬಳಿ ಎಲ್ಲಿ ಇಡುತ್ತಾರೆ ಹೇಳಿ? ಕೂಲಿ ಸಿಕ್ಕ ದಿನ ಹೊಟ್ಟೆಗೆ ದಾರಿ ಇದೆ. ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಸಾಮಾನು ಇಟ್ಟು ಬೀಗ ಹಾಕುವ ಜಾಗ ಮಾತ್ರ ಅವರಿಗೆ ಇಲ್ಲ. ಮಲಗಿದಾಗ ಬ್ಯಾಗ್ ಕದ್ದರೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹೋಯಿತು. ವಿಳಾಸವೇ ಇಲ್ಲದವರು ಅದನ್ನೆಲ್ಲ ಮತ್ತೆ ಮಾಡಿಸಬೇಕಾದರೆ ಎಷ್ಟು ಅಲೆಯಬೇಕು!

ಅತ್ತೆ, ನೀವು ಪೊಲೀಸರಿಗೆ ಹೇಳಿ ಅವರನ್ನು ಎಲ್ಲಾದರೂ ಸೇರಿಸಬಾರದಾ ಅಂದಿರಿ. ದಯವಿಟ್ಟು ಬೇಡ. ನಮ್ಮಲ್ಲಿ ಭಿಕ್ಷಾಟನೆ ನಿಷೇಧ ಕಾಯ್ದೆ 1975ರಿಂದ ಇದೆ. ಅದರಲ್ಲಿ ಹಿಡಿದರೆ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿಂದ ಮನಸ್ಸಿಗೆ ಬಂದಾಗ ಎದ್ದು ಬರುವ ಹಾಗಿಲ್ಲ.

ನೈಟ್ ಶೆಲ್ಟರ್, ಅಂದರೆ ಮನೆ ಇಲ್ಲದವರು ರಾತ್ರಿ ತಂಗುವ ಜಾಗ, ಅದು ಬೇರೆ. ಕಟ್ಟಡ ಪಾಲಿಕೆ ಕೊಡುತ್ತದೆ, ನಡೆಸುವುದು ಸ್ವಯಂಸೇವಾ ಸಂಸ್ಥೆಗಳು. ತಾವಾಗಿಯೇ ಬಂದು ಮಲಗಿ, ಬೆಳಗ್ಗೆ ಸ್ನಾನ ಮಾಡಿ ಕೆಲಸಕ್ಕೆ ಹೋಗುತ್ತಾರೆ. ದೊಡ್ಡ ಊರುಗಳಲ್ಲಿ ಲಕ್ಷ ಜನಕ್ಕೆ ಒಂದಾದರೂ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಗಣತಿಯಲ್ಲೇ ಬೆಂಗಳೂರಲ್ಲಿ 84 ಲಕ್ಷ ಜನ, ಲೆಕ್ಕ ನೀವೇ ಹಾಕಿ. ಶೆಲ್ಟರ್‌ಗಳು ಅದರ ಹತ್ತಿರಕ್ಕೂ ಬಂದಿಲ್ಲ. ಇರುವ ಕಡೆಗೂ ಕೆಲವರು ಹೋಗುವುದಿಲ್ಲ. ಗಂಡಸರದ್ದು ಒಂದು ಕಡೆ, ಹೆಂಗಸರದ್ದು ಒಂದು ಕಡೆ ಅಂದರೆ ಗಂಡ ಹೆಂಡತಿ ಮಕ್ಕಳು ಎಲ್ಲಿಗೆ ಹೋಗಬೇಕು? ಕೆಲಸದ ಜಾಗದಿಂದ ದೂರ ಆದರೂ ಕಷ್ಟ.

ಅದಕ್ಕೇ ನನ್ನ ಯೋಚನೆ ಏನೆಂದರೆ, ಯಾವುದಾದರೂ ಒಂದು ಶೆಲ್ಟರ್‌ಗೆ ಒಂದೊಂದು ಬಾಗಿಲಿಗೂ ಬೇರೆ ಬೀಗ ಇರುವ ಕಬ್ಬಿಣದ ಲಾಕರ್ ಬೀರು ಕೊಡಿಸೋಣ. ನೂರು ಕಂಬಳಿ ದುಡ್ಡಲ್ಲಿ ಒಂದಾದರೂ ಬರುತ್ತದೆ. ಮೊದಲು ಅಲ್ಲಿನ ಕೇರ್‌ಟೇಕರ್‌ನ ಕೇಳೋಣ. ಅವರು ಲಾಕರ್ ಬೇಡ, ಸೋಪು, ಟವೆಲ್, ಚಪ್ಪಲಿ ಬೇಕು ಅಂದರೆ ಅದೇ ಕೊಡೋಣ. ಶಾಂತಿಯ ಊಟ ಉಳಿದರೆ ಒಯ್ಯುವುದೂ ಅಷ್ಟೇ, ಮೊದಲೇ ಫೋನ್ ಮಾಡಿ ಹೇಳಬೇಕು. ರಾತ್ರಿ ಹತ್ತಕ್ಕೆ ಹೋಗಿ ಮಲಗಿದವರನ್ನು ಎಬ್ಬಿಸಿ ಫೋಟೋ ತೆಗೆಯುವುದು ಬೇಡವೇ ಬೇಡ. ಸರಿ ಅನ್ನಿಸಿದರೆ ಹೇಳಿ ಚಿಕ್ಕಪ್ಪ, ನಾಳೆಯೇ ವಿಚಾರಿಸುತ್ತೇನೆ.