‘ಜರ್ಮನ್ನರು’, ‘ಜರ್ಮನಿಯವರು’: ಎರಡೂ ಒಂದೇನಾ?

ಗೆಳೆಯರೇ,

ದೇಶದ ಹೆಸರಿನಿಂದ ಜನರ ಹೆಸರು ಮಾಡುವಾಗ ನಮ್ಮಲ್ಲಿ ಎರಡು ದಾರಿ ಇವೆ. ಜರ್ಮನ್ನರು, ಡಚ್ಚರು, ಅಮೆರಿಕನ್ನರು ಅನ್ನುವುದು ಒಂದು. ಜರ್ಮನಿಯವರು, ಹಾಲೆಂಡಿನವರು, ಅಮೆರಿಕದವರು ಅನ್ನುವುದು ಇನ್ನೊಂದು. ಬರಹದಲ್ಲಿ ಯಾವುದು ಬಂದರೂ ನಡೆಯುತ್ತದೆ. ಮಾತಿನಲ್ಲಿ ಹಾಗಿಲ್ಲ ಅನ್ನುವುದು ನನ್ನ ಅನುಮಾನ.

ಸಾಗರದ ಹತ್ತಿರ ನಮ್ಮಣ್ಣನದೊಂದು ಹೋಮ್‌ಸ್ಟೇ ಇದೆ. ಜೋಗ ನೋಡುವವರು, ಗೋಕರ್ಣದಿಂದ ಘಟ್ಟ ಹತ್ತಿ ಬರುವವರು ಅಲ್ಲಿ ಉಳಿಯುತ್ತಾರೆ. ಅಡುಗೆಮನೆಯಲ್ಲಿ ಕೇಳಿಸುವುದು ‘ಜರ್ಮನಿಯವರು ಎದ್ರಾ?’, ‘ಜರ್ಮನಿಯವರಿಗೆ ಬಿಸಿನೀರು ಬೇಕಂತೆ’. ಅದೇ ಜನ ಸಂಜೆ ಜಗಲಿಯಲ್ಲಿ ಕವಳ ಹಾಕಿ ಕೂತರೆ ಮಾತು ಬದಲಾಗುತ್ತದೆ. ‘ಜರ್ಮನ್ನರು ಟೈಮ್ ಅಂದ್ರೆ ಟೈಮ್’, ‘ಅಮೆರಿಕನ್ನರಿಗೆ ಮಾತು ಜಾಸ್ತಿ’. ಎದುರಿಗೆ ಬಂದು ಕೂತವರಿಗೆ ‘ಯವರು’, ಊಹೆ ಮಾಡಿಕೊಂಡ ಗುಂಪಿಗೆ ‘ರು’. ಪತ್ರಿಕೆ ಓದಿ ಓದಿ ‘ರು’ ಬಂದಿರಲೂಬಹುದು, ಇಲ್ಲ ಅನ್ನಲ್ಲ. ಆದರೆ ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಸಾರಾಸಗಟು ಮಾತಿಗೆ ಅದೇ ಯಾಕೆ ಬಾಯಿಗೆ ಬರುತ್ತದೆ?

‘ಬ್ರಿಟಿಷರು’ ಪದವನ್ನೇ ನೋಡಿ. ‘ಇಬ್ಬರು ಬ್ರಿಟಿಷರು ಜಗಲಿಯಲ್ಲಿ ಕಾಫಿ ಕುಡೀತಿದ್ದಾರೆ’ ಅಂತ ಯಾರಾದರೂ ಹೇಳುತ್ತಾರಾ? ಹೇಳಿದರೆ ನಗು ಬರುತ್ತದೆ. ಬ್ರಿಟಿಷರು 1947ಕ್ಕೆ ಹೋದರು, ಅಷ್ಟೇ. ಈಗ ಬರುವವರೆಲ್ಲ ‘ಇಂಗ್ಲೆಂಡಿನವರು’. ಅಲ್ಲೇ ಇರುವುದು ತೊಡಕು. ಅಡುಗೆಯಕ್ಕ ‘ಇಂಗ್ಲೆಂಡಿನವರಿಗೆ ಇನ್ನೊಂದು ನೀರುದೋಸೆ ಹಾಕ್ಲಾ?’ ಅಂತ ನನ್ನನ್ನು ಕೇಳಿದರೆ, ಕನ್ನಡದ ಗಂಧವೇ ಇಲ್ಲದ ಅತಿಥಿ ಆ ಒಂದು ಪದ ಹಿಡಿದು, ‘ನೋ ನೋ, ಸ್ಕಾಟ್ಲೆಂಡ್!’ ಅಂತ ಕೈ ಎತ್ತಿದ. ದೋಸೆ ಬೇಡ ಅಂದ ಅಂತ ಅಕ್ಕ ಕಾವಲಿ ಇಳಿಸಿಬಿಟ್ಟರು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ತುಂಬಬೇಕಾದ ಫಾರಂನಲ್ಲಿ ಮಾತ್ರ ಅವನು ಬ್ರಿಟಿಷ್. ಪಾಸ್‌ಪೋರ್ಟಿನಲ್ಲಿ ಇರುವುದೇ ಹಾಗೆ. ಅಂದರೆ ಸರ್ಕಾರಕ್ಕೆ ಒಂದು ಹೆಸರು, ಅಡುಗೆಮನೆಗೆ ಇನ್ನೊಂದು, ಅವನಿಗೆ ಬೇರೆಯೇ ಒಂದು.

‘ಹಾಲೆಂಡಿನವರು’ ಕೂಡ ಪೂರ್ತಿ ಸರಿಯಲ್ಲ. ನೆದರ್ಲೆಂಡ್ಸಿನ 12 ಪ್ರಾಂತ್ಯಗಳಲ್ಲಿ ಹಾಲೆಂಡ್ ಹೆಸರಿನವು ಎರಡೇ, ಉತ್ತರ ಮತ್ತು ದಕ್ಷಿಣ. ಮಿಕ್ಕ ಕಡೆಯವರನ್ನು ಹಾಗೆ ಕರೆದರೆ ಕೆಲವರಿಗೆ ಕಸಿವಿಸಿ. ಅಲ್ಲಿನ ಸರ್ಕಾರವೂ 2020ರಿಂದ ಪ್ರಚಾರಕ್ಕೆ ಆ ಹೆಸರನ್ನು ಬಿಟ್ಟಿದೆ. ‘ನೆದರ್ಲೆಂಡ್ಸಿನವರು’ ಅನ್ನಲು ನಾಲಿಗೆ ಹೊರಳಬೇಕಲ್ಲ! ಇಲ್ಲಿ ‘ಡಚ್ಚರು’ ಅನ್ನುವುದೇ ಮೇಲು. ಆದರೆ ಅದನ್ನು ಕೇಳಿದರೆ ಹೈಸ್ಕೂಲಿನ ಇತಿಹಾಸದ ಪಾಠ ನೆನಪಾಗುತ್ತದೆ.

ಹಳೆಯ ‘ಪರಂಗಿ’ಯ ಕಥೆ ಇನ್ನೂ ಮಜವಾಗಿದೆ. ಮೂಲದಲ್ಲಿ ಅದು ಯುರೋಪಿನ ಫ್ರಾಂಕ್ ಅನ್ನುವ ಒಂದು ಜನಾಂಗದ ಹೆಸರು. ಅರಬರು, ಪರ್ಷಿಯನ್ನರು ಅದನ್ನು ಯುರೋಪಿನವರಿಗೆಲ್ಲ ಹಿಗ್ಗಿಸಿದರು. ಇಲ್ಲಿಗೆ ಬಂದಾಗ ಹೆಚ್ಚಾಗಿ ಪೋರ್ಚುಗೀಸರ ತಲೆಗೆ ಕೂತಿತು. 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ನಮ್ಮ ಇಕ್ಕೇರಿಗೆ ಬಂದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ರೋಮಿನವನು. ಕೆಳದಿಯ ಅರಸ ವೆಂಕಟಪ್ಪ ನಾಯಕನ ಕಾಲ ಅದು. ಪೇಟೆಯಲ್ಲಿ ನಿಂತು ನೋಡಿದವರಿಗೆ ರೋಮಾದರೇನು, ಲಿಸ್ಬನ್ನಾದರೇನು, ಅವನೂ ಒಬ್ಬ ಪರಂಗಿಯೇ ಆಗಿರಬೇಕು. ಈಗ ಆ ಪದಕ್ಕೆ ಹಣ್ಣೊಂದೇ ಗತಿ.

ನಮಗೂ ಇದು ತಪ್ಪಿದ್ದಲ್ಲ. ಗಲ್ಫಿಗೆ ಹೋದ ನಮ್ಮ ಕಡೆಯ ಹುಡುಗರನ್ನು ಅರಬರು ‘ಹಿಂದಿ’ ಅನ್ನುತ್ತಾರೆ. ಅರಬ್ಬಿಯಲ್ಲಿ ಅದಕ್ಕೆ ಭಾರತದವನು ಅಂತ ಅರ್ಥ. ಹಿಂದಿಯ ಒಂದಕ್ಷರ ಬಾರದಿದ್ದರೂ ಹಿಂದಿಯೇ. ಉತ್ತರದ ರೈಲಿನಲ್ಲಿ ‘ಮದ್ರಾಸಿ’ ಅನ್ನಿಸಿಕೊಂಡವರಂತೂ ಇಲ್ಲೇ ಬೇಕಾದಷ್ಟು ಜನ ಇದ್ದೀರಿ, ಅಲ್ವಾ?

ನನ್ನ ಊಹೆಗೆ ನಾನೇ ಒಂದು ತಕರಾರು ಹೇಳಿಬಿಡುತ್ತೇನೆ. ‘ಘಟ್ಟದ ಕೆಳಗಿನವರು ದುಡ್ಡಿನ ಲೆಕ್ಕದಲ್ಲಿ ಗಟ್ಟಿ’, ‘ಬಯಲುಸೀಮೆಯವರಿಗೆ ಖಾರ ಬೇಕು’ ಅಂತ ಮಲೆನಾಡಿನಲ್ಲಿ ದಿನಾ ಕೇಳುತ್ತೇವೆ. ಇಲ್ಲಿರುವುದು ‘ಯವರು’, ‘ನವರು’ಗಳೇ, ಆದರೂ ಸಾರಾಸಗಟು ಮಾತೇ. ಹಾಗಾದರೆ ಪ್ರತ್ಯಯದ ಮೇಲೆ ಪೂರ್ತಿ ಭಾರ ಹಾಕುವ ಹಾಗಿಲ್ಲ. ಹತ್ತಿರದವರಿಗೆ ‘ರು’ ಹಚ್ಚಿ ಬರುವ ಹೆಸರೇ ಇಲ್ಲದ್ದರಿಂದ ಹೀಗಾಗಿರಬಹುದು.

ಇನ್ನು ಇಸ್ರೇಲಿಗಳು, ಮಲಯಾಳಿಗಳು ಅನ್ನುವಾಗಿನ ‘ಗಳು’ ಮನುಷ್ಯರಿಗೆ ಅಗೌರವ ಅಂತ ಕೆಲವರು ತಿದ್ದುತ್ತಾರೆ. ಗುರುಗಳು, ಸ್ವಾಮಿಗಳು ಅನ್ನುವ ಭಾಷೆಯಲ್ಲಿ ಈ ವಾದ ನಿಲ್ಲಲ್ಲ.

ಕೇಳಬೇಕಿರುವುದು ಇಷ್ಟು. ಕರಾವಳಿಯಲ್ಲಿ, ಮುಖ್ಯವಾಗಿ ಗೋಕರ್ಣದ ಅಂಗಡಿಗಳಲ್ಲಿ, ವಿದೇಶಿ ಪ್ರವಾಸಿಗರ ಬಗ್ಗೆ ಮಾತಾಡುವಾಗ ‘ರು’ ಮತ್ತು ‘ಯವರು’ ಹೀಗೆ ಬೇರೆಯಾಗುತ್ತವಾ? ಹಂಪಿ ಕಡೆಯವರಿದ್ದರೆ ಅವರೂ ಹೇಳಿ. ಮತ್ತೆ ಆ ಅತಿಥಿಗೆ ‘ಸ್ಕಾಟರು’ ಸರಿಯೋ, ‘ಸ್ಕಾಟ್ಲೆಂಡಿನವರು’ ಸರಿಯೋ? ಅಡುಗೆಯಕ್ಕನಂತೂ ‘ಆ ಉದ್ದ ಗಡ್ಡದವರು’ ಅಂತ ಶುರುಮಾಡಿದ್ದಾರೆ.