ಎಸ್‌ಎಸ್ ಪ್ಲೇಟಿಗೆ ಎಂ6 ಟ್ಯಾಪ್ ಹೊಡೆಯಲು ಯಾವ ಎಣ್ಣೆ?

ಶಿರಸಿಯ ತೋಟಿಗ:
ಎಲ್ಲರಿಗೂ ನಮಸ್ಕಾರ. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಒಂದು ಬೆಂಚ್ ಡ್ರಿಲ್, ವೈಸ್, ಹಳೆಯ ಸಣ್ಣ ಲೇತ್ ಇಟ್ಟುಕೊಂಡಿದ್ದೇನೆ. ಅಡಿಕೆ ಸುಲಿಯುವ ಯಂತ್ರದ ಚೌಕಟ್ಟನ್ನು ಹೊಸದಾಗಿ ಕಟ್ಟುತ್ತಿದ್ದೇನೆ. ಹಸಿ ಅಡಿಕೆಯ ರಸ ತಾಗಿ ಹಳೆಯ ಎಂಎಸ್ (ಸಾದಾ ಉಕ್ಕಿನ) ಪಟ್ಟಿಗಳು ಕಪ್ಪಾಗಿ ತುಕ್ಕು ಹಿಡಿದವು. ಅದಕ್ಕೇ ಈ ಸಲ 8 ಮಿ.ಮೀ. ದಪ್ಪದ 304 ದರ್ಜೆಯ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪ್ಲೇಟ್ ತಂದೆ. ಅದರಲ್ಲಿ ಎಂ6 (6 ಮಿ.ಮೀ. ಬೋಲ್ಟಿನ) ಥ್ರೆಡ್ ಇರುವ 12 ತೂತು ಬೇಕು. 5 ಮಿ.ಮೀ. ಡ್ರಿಲ್ ಹಾಕಿ, ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಬಿಟ್ಟು ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹೊಡೆದೆ. ಎರಡು ತೂತು ಆಯಿತು. ಮೂರನೆಯದರಲ್ಲಿ ಟ್ಯಾಪ್ ಕಿರ್ರೆಂದು ಬಿಗಿದುಕೊಂಡು ಮುರಿದೇಹೋಯಿತು. ಮರುದಿನ ಮೋಟರ್ ಕೂರುವ ಅಲ್ಯೂಮಿನಿಯಂ ಬ್ಲಾಕ್‌ನಲ್ಲೂ ಇನ್ನೊಂದು ಮುರಿಯಿತು. ಬೀಡು (ಎರಕದ ಕಬ್ಬಿಣದ) ಪುಲ್ಲಿಗೆ ಎಂ8 ಹೊಡೆಯುವುದು ಇನ್ನೂ ಬಾಕಿ ಇದೆ. ಈಗ ಟ್ಯಾಪ್ ಕೈಗೆತ್ತಿಕೊಳ್ಳಲು ಹೆದರಿಕೆಯಾಗುತ್ತಿದೆ. ಮೂರಕ್ಕೂ ಒಂದೇ ಎಣ್ಣೆ ಸಾಕೇ?

ಪೀಣ್ಯ ಟರ್ನರ್:
ನಮ್ಮ ಶಾಪಿನಲ್ಲಿ ಎಲ್ಲಕ್ಕೂ ಸೊಲ್ಯುಬಲ್ ಆಯಿಲ್ (ನೀರಿಗೆ ಬೆರೆಸಿದರೆ ಹಾಲಿನಂತಾಗುವ ಕಟಿಂಗ್ ಎಣ್ಣೆ). ಲೇತಿಗೆ 20 ಪಾಲು ನೀರಿಗೆ 1 ಪಾಲು, ಟ್ಯಾಪಿಗೆ 10ಕ್ಕೆ 1. ನೀರಿಗೆ ಎಣ್ಣೆ ಸುರಿಯಬೇಕು, ಎಣ್ಣೆಗೆ ನೀರು ಸುರಿದರೆ ಸರಿಯಾಗಿ ಬೆರೆಯುವುದಿಲ್ಲ. ಒಂದು ಲೀಟರ್ ತಂದರೆ ಮನೆಯ ಕೆಲಸಕ್ಕೆ ಬಹಳ ದಿನ ಬರುತ್ತದೆ.

ಭದ್ರಾವತಿ ಫಿಟ್ಟರ್ (ನಿವೃತ್ತ):
ಪೀಣ್ಯದವರ ಮಾತು ಲೇತಿಗೆ, ಡ್ರಿಲ್ಲಿಂಗಿಗೆ ಸರಿ. ಆದರೆ ಎಸ್‌ಎಸ್‌ನಲ್ಲಿ ಕೈಯಿಂದ ಟ್ಯಾಪ್ ಹೊಡೆಯುವುದಕ್ಕೆ ನಾನು ಒಪ್ಪುವುದಿಲ್ಲ. ಹಾಲಿನಂಥ ಆ ನೀರಿನ ಮುಖ್ಯ ಕೆಲಸ ತಂಪು ಮಾಡುವುದು. ಕೈಯಲ್ಲಿ ಅರ್ಧರ್ಧ ಸುತ್ತು ತಿರುಗಿಸುವಾಗ ತಂಪು ಮಾಡಬೇಕಾದಷ್ಟು ಬಿಸಿಯೇ ಹುಟ್ಟುವುದಿಲ್ಲ. ಅಲ್ಲಿ ಟ್ಯಾಪನ್ನು ಕೊಲ್ಲುವುದು ಲೋಹ ಲೋಹಕ್ಕೆ ಅಂಟಿಕೊಳ್ಳುವುದು ಮತ್ತು ಸಿಕ್ಕಿಹಾಕಿಕೊಂಡ ಚಿಪ್ಸ್ (ಕತ್ತರಿಸಿದ ಲೋಹದ ಚೂರು).

ಕೊಬ್ಬರಿ ಎಣ್ಣೆಯನ್ನು ನಾನು ಹೀಗಳೆಯುವುದಿಲ್ಲ. ಸಸ್ಯದ ಎಣ್ಣೆಯಲ್ಲಿರುವ ಕೊಬ್ಬಿನಾಮ್ಲ ಲೋಹದ ಮೈಯನ್ನು ಚೆನ್ನಾಗಿ ಹಿಡಿಯುತ್ತದೆ, ಎಂಎಸ್‌ಗೆ ಅದು ನಡೆಯುತ್ತದೆ. (ನಿಮ್ಮ ಕಡೆಯ ಚಳಿಗಾಲದ ಬೆಳಿಗ್ಗೆ ಅದು ಗಟ್ಟಿಯಾಗುವುದು ಬೇರೆ ತೊಂದರೆ. ಹರಳೆಣ್ಣೆ ಹಾಗೆ ಹೆಪ್ಪುಗಟ್ಟುವುದಿಲ್ಲ.) ಆದರೆ 304ರಲ್ಲಿ ಟ್ಯಾಪಿನ ಹಲ್ಲಿನ ತುದಿಯ ಒತ್ತಡಕ್ಕೆ ಆ ಪದರ ಹರಿದುಹೋಗುತ್ತದೆ. ಅಲ್ಲಿ ಗಂಧಕ ಸೇರಿದ ಕಟಿಂಗ್ ಆಯಿಲ್ ಬೇಕು, ನೀರು ಬೆರೆಸದೆ ಹಾಗೆಯೇ. ಉಜ್ಜಾಟದ ಬಿಸಿಗೆ ಗಂಧಕ ಉಕ್ಕಿನೊಂದಿಗೆ ಕೂಡಿ ತೆಳುವಾದ ಸಲ್ಫೈಡ್ ಪದರವಾಗುತ್ತದೆ, ಅದು ಅಂಟಲು ಬಿಡುವುದಿಲ್ಲ. ಶಿರಸಿಯಲ್ಲಿ ಸಿಗದಿದ್ದರೆ ಇಪಿ 90 ಗೇರ್ ಆಯಿಲ್ ಕೇಳಿ. ಅದರ ಘಾಟು ವಾಸನೆ ಗಂಧಕದ್ದೇ. ಎಂಜಿನ್ ಆಯಿಲ್ ಬೇಡ, ಅದನ್ನು ಮಾಡಿರುವುದು ಕತ್ತರಿಸುವ ಕೆಲಸಕ್ಕಲ್ಲ.

ಎಣ್ಣೆಗಿಂತ ಮೊದಲು ತೂತನ್ನು ಸರಿಮಾಡಿಕೊಳ್ಳಿ. ನನಗೆ ಅನುಮಾನ ಇರುವುದು ಅಲ್ಲಿಯೇ. 5 ಮಿ.ಮೀ. ತೂತಿನಲ್ಲಿ ಥ್ರೆಡ್ಡಿನ ಹಲ್ಲು ಪೂರ್ತಿ ಆಳದ ಸುಮಾರು 77 ಶೇಕಡಾ ಬರುತ್ತದೆ. 5.2 ಹಾಕಿದರೆ 62ರ ಹತ್ತಿರ. 8 ಮಿ.ಮೀ. ದಪ್ಪದಲ್ಲಿ ಅಷ್ಟು ಹಲ್ಲು ನಿಮ್ಮ ಚೌಕಟ್ಟಿಗೆ ಧಾರಾಳ ಸಾಕು, ಟ್ಯಾಪಿನ ಮೇಲಿನ ಭಾರವಂತೂ ಬಹಳ ಇಳಿಯುತ್ತದೆ. ಇನ್ನೊಂದು ಮಾತು: ಡ್ರಿಲ್ ಹಾಕುವಾಗ ಒತ್ತದೆ ಉಜ್ಜುತ್ತಾ ನಿಂತರೆ 304ರ ತೂತಿನ ಒಳಮೈ ಗಡುಸಾಗಿಬಿಡುತ್ತದೆ, ಆಮೇಲೆ ಯಾವ ಎಣ್ಣೆಯೂ ಕಾಪಾಡುವುದಿಲ್ಲ. ಬೆಲ್ಟನ್ನು ಕಡಿಮೆ ವೇಗಕ್ಕೆ ಇಳಿಸಿ, 600 ಆರ್‌ಪಿಎಂ ಆಸುಪಾಸು. ಹೊಸದಾಗಿ ಸಾಣೆ ಹಿಡಿದ ಡ್ರಿಲ್ಲನ್ನು ಗಟ್ಟಿಯಾಗಿ ಒತ್ತಿ. ಸಣ್ಣ ಪುಡಿ ಬರಬಾರದು, ಸುರುಳಿ ಬರಬೇಕು.

ನಾನು ಅಪ್ರೆಂಟಿಸ್ ಆಗಿದ್ದಾಗ, ಬೇರೆಯವರು ಮೂರು ದಿನ ದುಡಿದು ಮುಗಿಸಿದ್ದ ಡೈ ಪ್ಲೇಟಿನಲ್ಲಿ ಎಂ4 ಟ್ಯಾಪ್ ಮುರಿದೆ. ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ) ಯಂತ್ರದಲ್ಲಿ ಅದನ್ನು ತೆಗೆಯುವವರೆಗೆ ನನಗೆ ಊಟ ಸೇರಲಿಲ್ಲ. ಆ ದಿನದಿಂದ ಥ್ರೆಡ್ಡನ್ನು ಹಂತಹಂತವಾಗಿ ಕೊರೆಯುವ ಫಸ್ಟ್, ಸೆಕೆಂಡ್, ಥರ್ಡ್ ಟ್ಯಾಪ್ ಮೂರನ್ನೂ ಕ್ರಮವಾಗಿ ಹಾಕದೆ ಎಸ್‌ಎಸ್‌ಗೆ ಕೈ ಹಚ್ಚಿಲ್ಲ. ನಿಮ್ಮ ಪ್ಲೇಟಿನ ಮುರುಕನ್ನೂ ಹಾಗೆ ತೆಗೆಸಬಹುದು, ಆದರೆ ಜಾಗವಿದ್ದರೆ ಪಕ್ಕದಲ್ಲಿ ಹೊಸ ತೂತು ಮಾಡುವುದೇ ಅಗ್ಗ.

ಅಲ್ಯೂಮಿನಿಯಂಗೆ ಸೀಮೆಎಣ್ಣೆ, ಇಲ್ಲವೆಂದರೆ ಡೀಸೆಲ್. ತೆಳು ಎಣ್ಣೆ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡ ಲೋಹವನ್ನು ತೊಳೆದು ತರುತ್ತದೆ. ಬೆಂಕಿಯಿಂದ ದೂರ ಇಡಿ.

ಕೆಲಸ ಮುಗಿದ ಮೇಲೆ ಪ್ಲೇಟನ್ನು ಬಿಸಿನೀರು, ಸಾಬೂನು ಹಾಕಿ ಎರಡು ಸಲ ತೊಳೆಯಿರಿ. ಜನ ಬಾಯಿಗೆ ಹಾಕಿಕೊಳ್ಳುವ ಅಡಿಕೆ ಅದರ ಮೇಲೆ ಓಡಾಡುತ್ತದೆ.

ಉದ್ಯಮಬಾಗ್ ಬೆಳಗಾವಿ:
ಪುಲ್ಲಿಯ ಬಗ್ಗೆ ಹೇಳುತ್ತೇನೆ, ನಾನು ಫೌಂಡ್ರಿಯವನು. ಬೀಡಿಗೆ ಏನೂ ಹಾಕಬೇಡಿ. ಅದರೊಳಗಿನ ಗ್ರಾಫೈಟ್ ಜಾರಿಕೆ ಕೊಡುತ್ತದೆ. ಎಣ್ಣೆ ಬಿಟ್ಟರೆ ಪುಡಿ ಕೆಸರಾಗಿ ಟ್ಯಾಪನ್ನು ಸವೆಸುತ್ತದೆ. ಎಂ8ಕ್ಕೆ 6.8 ಡ್ರಿಲ್. ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ, ಬಾಯಿಂದ ಊದಬೇಡಿ. ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಶಿರಸಿಯ ತೋಟಿಗ:
ಇವತ್ತು 5.2 ಡ್ರಿಲ್ ಮತ್ತು ಗೇರ್ ಆಯಿಲ್ ತಂದು ಆರು ತೂತು ಮುಗಿಸಿದೆ. ಕಿರ್ರೆನ್ನುವ ಸದ್ದೇ ಇಲ್ಲ! ಭದ್ರಾವತಿಯವರೇ, ನಿಮಗೆ ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಮುರಿದದ್ದು ಆಚೆ ಬದಿಗೆ ತೂರಿಹೋಗದ ಬ್ಲೈಂಡ್ ಹೋಲ್‌ನ ಒಳಗೇ ಇದೆ. ಬ್ಲಾಕನ್ನು ಎಸೆಯಬೇಕೇ?

ಭದ್ರಾವತಿ ಫಿಟ್ಟರ್ (ನಿವೃತ್ತ):
ಎಸೆಯಬೇಡಿ. ಗ್ರಂಥಿಗೆ ಅಂಗಡಿಯಿಂದ ಅರ್ಧ ಕಿಲೋ ಪಟಿಕ ತನ್ನಿ. ಬ್ಲಾಕಿನಲ್ಲಿ ಬೇರಿಂಗ್, ಪಿನ್ ಏನಾದರೂ ಉಕ್ಕಿನದು ಇದ್ದರೆ ಮೊದಲು ಬಿಚ್ಚಿ, ಇಲ್ಲದಿದ್ದರೆ ಅವೂ ಕರಗುತ್ತವೆ. ಗಾಜಿನ ಭರಣಿಯಲ್ಲಿ ಬಿಸಿನೀರಿಗೆ ಕರಗುವಷ್ಟು ಪಟಿಕ ಹಾಕಿ, ತೂತಿನ ಬಾಯಿ ಮೇಲ್ಮುಖವಾಗಿರುವಂತೆ ಬ್ಲಾಕನ್ನು ಪೂರ್ತಿ ಮುಳುಗಿಸಿ. ಭರಣಿಯನ್ನು ನೀರಿನ ಪಾತ್ರೆಯೊಳಗಿಟ್ಟು ಸಣ್ಣ ಉರಿಯಲ್ಲಿ ಬಿಸಿಯಾಗಿಯೇ ಇಡಿ. ಟ್ಯಾಪಿನಿಂದ ಸಣ್ಣ ಗುಳ್ಳೆ ಏಳುತ್ತದೆ, ಅದು ಹೈಡ್ರೋಜನ್. ಹಾಗಾಗಿ ಅಂಗಳದಲ್ಲೇ ಮಾಡಿ. ಆಗಾಗ ಕಪ್ಪು ಮಡ್ಡಿಯನ್ನು ಬ್ರಷ್‌ನಿಂದ ಕೆರೆದು, ಹೊಸ ಪಟಿಕದ ನೀರು ಹಾಕಿ. ಒಂದು ದಿನವಾದರೂ ಬೇಕು, ಹೆಚ್ಚೂ ಆಗಬಹುದು. ಉಕ್ಕು ಕರಗುತ್ತದೆ, ಅಲ್ಯೂಮಿನಿಯಂ ಉಳಿಯುತ್ತದೆ. ತೆಗೆದ ಮೇಲೆ ತೂತಿನ ಫೋಟೊ ಹಾಕಿ.